ಚಾಗೋಸ್ ವಿವಾದವನ್ನು ಮೂಲದಲ್ಲೇ ಓದಬೇಕೆನ್ನುವವರಿಗೆ: ಹೇಗ್ ನ್ಯಾಯಾಲಯದ ಸಾರ್ವಜನಿಕ ಕಡತ ಸೇವೆಯ ವಿಮರ್ಶೆ

ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯವು ತನ್ನ ಮುಂದೆ ಬಂದ ಪ್ರಕರಣಗಳ ಕಡತಗಳನ್ನು ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. ಹಣ ಕೊಡಬೇಕಾಗಿಲ್ಲ, ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ದೇಶಗಳು ಸಲ್ಲಿಸಿದ ಲಿಖಿತ ಹೇಳಿಕೆಗಳು, ಅವುಗಳ ಅನುಬಂಧಗಳು, ವಿಚಾರಣೆಯಲ್ಲಿ ಆಡಿದ ಮಾತುಗಳ ಅಕ್ಷರಶಃ ದಾಖಲೆ, ತೀರ್ಪು ಅಥವಾ ಸಲಹಾ ಅಭಿಪ್ರಾಯ (ವಿಶ್ವಸಂಸ್ಥೆ ಕೇಳಿದ ಕಾನೂನು ಪ್ರಶ್ನೆಗೆ ಕೊಡುವ, ತೀರ್ಪಿನಂತೆ ಕಡ್ಡಾಯವಲ್ಲದ ಉತ್ತರ), ನ್ಯಾಯಾಧೀಶರ ಪ್ರತ್ಯೇಕ ಅಭಿಪ್ರಾಯಗಳು, ಪತ್ರಿಕಾ ಪ್ರಕಟಣೆಗಳು ಎಲ್ಲವೂ ಅಲ್ಲಿವೆ. ಈ ಸೇವೆಯನ್ನು ನಾನು ಒಂದೇ ಒಂದು ಪ್ರಕರಣದ ಮೂಲಕ ಇಲ್ಲಿ ಪರಿಶೀಲಿಸಿದ್ದೇನೆ. 1965ರಲ್ಲಿ ಮಾರಿಷಸ್‌ನಿಂದ ಚಾಗೋಸ್ ದ್ವೀಪಸಮೂಹವನ್ನು ಬೇರ್ಪಡಿಸಿದ್ದರ ಕಾನೂನು ಪರಿಣಾಮಗಳನ್ನು ಕುರಿತ ಆ ಪ್ರಕರಣದಲ್ಲಿ ನ್ಯಾಯಾಲಯವು 2019ರ ಫೆಬ್ರುವರಿ 25ರಂದು ತನ್ನ ಸಲಹಾ ಅಭಿಪ್ರಾಯವನ್ನು ನೀಡಿತು.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಚಾಗೋಸ್ ನಮ್ಮದೇ ಹಿಂದೂ ಮಹಾಸಾಗರದಲ್ಲಿದೆ, ಮಾಲ್ಡೀವ್ಸ್‌ಗೆ ದಕ್ಷಿಣದಲ್ಲಿ, ಮಾರಿಷಸ್‌ನ ಮುಖ್ಯ ದ್ವೀಪದಿಂದ ಸುಮಾರು 2,200 ಕಿಲೋಮೀಟರ್ ಈಶಾನ್ಯಕ್ಕೆ. ಡಿಯಾಗೊ ಗಾರ್ಸಿಯಾ ಎಂಬ ಹೆಸರನ್ನು ನಾವೆಲ್ಲರೂ ಅಮೆರಿಕದ ಸೇನಾನೆಲೆಯೆಂದು ಸುದ್ದಿಯಲ್ಲಿ ಕೇಳಿರುತ್ತೇವೆ. ಅಲ್ಲಿ ಜನ ಬಾಳಿದ್ದರು, ಅವರನ್ನು ಒಕ್ಕಲೆಬ್ಬಿಸಲಾಯಿತು ಎಂಬ ಸಂಗತಿ ಮಾತ್ರ ಆ ಸುದ್ದಿಗಳ ಕೊನೆಯಲ್ಲಿ ಒಂದು ವಾಕ್ಯವಾಗಿ ಬಂದು ಹೋಗುತ್ತದೆ. ಕನ್ನಡದಲ್ಲಿ ಈ ಬಗ್ಗೆ ಬರೆದದ್ದು ಕಡಿಮೆ. ಬರೆದದ್ದರಲ್ಲೂ ಹೆಚ್ಚಿನದು ಸುದ್ದಿಸಂಸ್ಥೆಗಳ ವರದಿಗಳ ಸಾರಾಂಶ. ಆದ್ದರಿಂದ ಕಡತವನ್ನೇ ಬಿಡಿಸಿ ಓದುವ ದಾರಿಯೊಂದು ಸಾಮಾನ್ಯ ಓದುಗರಿಗೂ ಇದೆಯೆಂಬುದು ಸಣ್ಣ ಸಂಗತಿಯಲ್ಲ.

ಮೊದಲು ಪ್ರಕರಣದ ತಲೆಬುಡವನ್ನು ತಿಳಿದುಕೊಳ್ಳದೆ ಕಡತದೊಳಗೆ ಇಳಿದರೆ ದಾರಿ ತಪ್ಪುವುದು ಖಚಿತ. 1965ರ ನವೆಂಬರ್ 8ರಂದು, ಅಂದರೆ ಮಾರಿಷಸ್ ಸ್ವತಂತ್ರವಾಗುವುದಕ್ಕೆ ಎರಡು ವರ್ಷಕ್ಕೂ ಮುಂಚೆ, ಬ್ರಿಟನ್ ಚಾಗೋಸನ್ನು ಆ ವಸಾಹತಿನಿಂದ ಕತ್ತರಿಸಿ, ಸೆಷೆಲ್ಸ್‌ನಿಂದ ತೆಗೆದುಕೊಂಡ ಕೆಲವು ದ್ವೀಪಗಳನ್ನೂ ಸೇರಿಸಿ, ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶವೆಂಬ ಹೊಸ ವಸಾಹತನ್ನು ಹುಟ್ಟುಹಾಕಿತು. ಮಾರಿಷಸ್‌ಗೆ ಪರಿಹಾರವಾಗಿ 30 ಲಕ್ಷ ಪೌಂಡು ಗೊತ್ತಾಯಿತು. 1966ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಂದ ಮಾಡಿಕೊಂಡು ದ್ವೀಪಗಳನ್ನು ರಕ್ಷಣಾ ಉದ್ದೇಶಕ್ಕೆ ಮೀಸಲಿಟ್ಟವು. 1967ರಿಂದ 1973ರವರೆಗೆ ಅಲ್ಲಿನ ನಿವಾಸಿಗಳೆಲ್ಲರನ್ನೂ ಹೊರಹಾಕಲಾಯಿತು. ದ್ವೀಪದಿಂದ ಹೊರಗೆ ಹೋಗಿದ್ದವರನ್ನು ಮರಳಲು ಬಿಡದೆ ಕೆಲವರನ್ನು, ಹಡಗು ಹತ್ತಿಸಿ ಉಳಿದವರನ್ನು. ಸೆಷೆಲ್ಸ್‌ನಿಂದ ತೆಗೆದುಕೊಂಡ ದ್ವೀಪಗಳನ್ನು 1976ರಲ್ಲಿ ಹಿಂದಿರುಗಿಸಿದರು. ಚಾಗೋಸನ್ನು ಹಿಂದಿರುಗಿಸಲಿಲ್ಲ.

ವಿಶ್ವಸಂಸ್ಥೆಯ ಮಹಾಸಭೆ 2017ರ ಜೂನ್ 22ರಂದು 94 ಪರ, 15 ವಿರುದ್ಧ, 65 ತಟಸ್ಥ ಮತಗಳೊಂದಿಗೆ ನ್ಯಾಯಾಲಯಕ್ಕೆ ಎರಡು ಪ್ರಶ್ನೆಗಳನ್ನು ಕಳುಹಿಸಿತು. 1968ರಲ್ಲಿ ಮಾರಿಷಸ್‌ನ ವಸಾಹತು ವಿಮೋಚನೆ ಕಾನೂನುಬದ್ಧವಾಗಿ ಪೂರ್ಣಗೊಂಡಿತ್ತೇ ಎಂಬುದು ಮೊದಲನೆಯದು. ಬ್ರಿಟನ್ ಇಂದಿಗೂ ಚಾಗೋಸನ್ನು ಆಳುತ್ತಿರುವುದರಿಂದ ಅಂತರರಾಷ್ಟ್ರೀಯ ಕಾನೂನಿನಡಿ ಉಂಟಾಗುವ ಪರಿಣಾಮಗಳೇನು ಎಂಬುದು ಎರಡನೆಯದು.

ಕಡತದ ಪುಟಕ್ಕೆ ಬಂದ ಓದುಗರಿಗೆ ಎದುರಾಗುವ ಜೋಡಣೆ ಸರಳವಾಗಿದೆ. ಪ್ರಕರಣದ ಸ್ಥೂಲ ಪರಿಚಯ ಮೊದಲು ಬರುತ್ತದೆ, ಅನಂತರ ಲಿಖಿತ ಹಂತ, ಮೌಖಿಕ ಹಂತ, ಅಭಿಪ್ರಾಯ ಎಂದು ದಾಖಲೆಗಳು ವಿಂಗಡವಾಗಿವೆ. ಒಂದೊಂದೂ ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಲು ಸಿಗುತ್ತದೆ. ಸಲಹಾ ಅಭಿಪ್ರಾಯದ ಅಧಿಕೃತ ಪಾಠದಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಎದುರುಬದುರು ಪುಟಗಳಲ್ಲಿ ಅಚ್ಚಾಗಿವೆ, ಹೀಗಾಗಿ ಪುಟಸಂಖ್ಯೆಯನ್ನು ನೋಡಿದರೆ ಗಾಬರಿಯಾಗುವಷ್ಟು ದೊಡ್ಡದೆನಿಸುವ ದಾಖಲೆಯಲ್ಲಿ ನಾವು ಓದಬೇಕಾದದ್ದು ನಿಜಕ್ಕೂ ಅರ್ಧ ಮಾತ್ರ. ಇಡೀ ಅಭಿಪ್ರಾಯವು 183 ಅಂಕಿತ ಪರಿಚ್ಛೇದಗಳಲ್ಲಿ ಮುಗಿಯುತ್ತದೆ. ಕಾನೂನು ಓದಿರದವರೂ ವಾಕ್ಯಕ್ಕೆ ವಾಕ್ಯ ಹಿಡಿದು ಸಾಗಬಲ್ಲಷ್ಟು ತಿಳಿಯಾದ ಗದ್ಯ ಅದು. ಅದಕ್ಕೂ ಸಮಯವಿಲ್ಲದವರಿಗೆ ನ್ಯಾಯಾಲಯವೇ ಸಿದ್ಧಪಡಿಸಿದ ಸಾರಾಂಶವಿದೆ. ಆದರೆ ಸಾರಾಂಶದಲ್ಲೇ ನಿಲ್ಲಬೇಡಿ ಎಂದು ಒತ್ತಿ ಹೇಳುತ್ತೇನೆ. ಈ ಸೇವೆಯ ನಿಜವಾದ ಬೆಲೆ ಇರುವುದು ಅದರ ಕೆಳಗಿನ ಪದರಗಳಲ್ಲಿ.

ಮಾರಿಷಸ್ ಸಲ್ಲಿಸಿದ ಲಿಖಿತ ಹೇಳಿಕೆ ಮತ್ತು ಅದರೊಂದಿಗಿರುವ ಅನುಬಂಧ ಸಂಪುಟಗಳು ಅಂಥದೊಂದು ಪದರ. 1960ರ ದಶಕದ ಬ್ರಿಟಿಷ್ ಸರ್ಕಾರದ ಒಳಪತ್ರಗಳು, ಸಭೆಯ ನಡಾವಳಿಗಳು, ತಂತಿ ಸಂದೇಶಗಳು ಅಲ್ಲಿ ಸಾಲಾಗಿ ಕೂತಿವೆ. 1965ರ ಸೆಪ್ಟೆಂಬರ್ 23ರಂದು ಲಂಡನ್ನಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮಾರಿಷಸ್‌ನ ನಾಯಕ ಶಿವಸಾಗರ ರಾಮಗುಲಾಮ್ ಅವರನ್ನು ಭೇಟಿಯಾದರು. ಆ ಭೇಟಿಗೆ ಮುನ್ನ ಪ್ರಧಾನಿಗೆ ಬರೆದುಕೊಟ್ಟ ಟಿಪ್ಪಣಿಯೊಂದಿದೆ. ಅದರ ತಾತ್ಪರ್ಯ ಇಷ್ಟು: ಅವರನ್ನು ಆಸೆಯಿಂದಲೇ ಹೆದರಿಸಬೇಕು, ಸ್ವಾತಂತ್ರ್ಯ ಸಿಗಬಹುದೆಂಬ ಆಸೆ ತೋರಿಸಬೇಕು, ಚಾಗೋಸ್ ವಿಷಯದಲ್ಲಿ ವಿವೇಕದಿಂದ ನಡೆದುಕೊಳ್ಳದಿದ್ದರೆ ಅದು ಸಿಗಲಾರದೆಂಬ ಹೆದರಿಕೆಯನ್ನೂ ಹುಟ್ಟಿಸಬೇಕು. ಮಾರಿಷಸ್‌ನ ಮಂತ್ರಿಗಳು ಬೇರ್ಪಡೆಗೆ ಒಪ್ಪಿಗೆ ಕೊಟ್ಟಿದ್ದರು ಎಂಬ ವಾದವನ್ನು ಬೇರೆಡೆ ಎಷ್ಟು ಸಲ ಓದಿದ್ದರೂ ಈ ಟಿಪ್ಪಣಿಯನ್ನು ಓದಿದ ಮೇಲೆ ಆ ಒಪ್ಪಿಗೆಯ ತೂಕ ನಮ್ಮ ಮನಸ್ಸಿನಲ್ಲಿ ಬದಲಾಗುತ್ತದೆ. ನ್ಯಾಯಾಲಯವೂ 172ನೇ ಪರಿಚ್ಛೇದದಲ್ಲಿ ಇದೇ ಗಂಟನ್ನು ಬಿಡಿಸುತ್ತದೆ. ಪ್ರದೇಶವನ್ನು ಬಿಟ್ಟುಕೊಟ್ಟಿತೆನ್ನಲಾದ ಮಾರಿಷಸ್ ಆಗ ಅದನ್ನು ಪಡೆದುಕೊಂಡ ಬ್ರಿಟನ್ನಿನ ಅಧೀನದಲ್ಲೇ ಇತ್ತು, ಹಾಗಿರುವಾಗ ಅದನ್ನು ಅಂತರರಾಷ್ಟ್ರೀಯ ಒಪ್ಪಂದವೆಂದು ಕರೆಯಲಾಗದು, ಬೇರ್ಪಡೆಯು ಸಂಬಂಧಪಟ್ಟ ಜನರ ಮುಕ್ತವೂ ನೈಜವೂ ಆದ ಇಚ್ಛೆಯನ್ನು ಆಧರಿಸಿರಲಿಲ್ಲ ಎಂದು ಹೇಳುತ್ತದೆ. ಜೀತಕ್ಕಿದ್ದವನಿಂದ ಒಡೆಯ ಬರೆಸಿಕೊಂಡ ಕಾಗದಕ್ಕೆ ಎಷ್ಟು ಬೆಲೆಯೆಂದು ನಮ್ಮ ಹಳ್ಳಿಗಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಒಂದೇ ಪಕ್ಷದ ದಾಖಲೆ ಓದಿ ಪುಟ ಮುಚ್ಚುವುದು ಸರಿಯಲ್ಲ. ಈ ಸೇವೆಯ ಹೆಚ್ಚುಗಾರಿಕೆಯೇ ಅದು: ಬ್ರಿಟನ್ನಿನ ವಾದ ಅದರ ವಕೀಲರೇ ಕಟ್ಟಿದ ಅತ್ಯಂತ ಬಲವಾದ ರೂಪದಲ್ಲಿ ಪಕ್ಕದಲ್ಲೇ ಸಿಗುತ್ತದೆ. ಎರಡು ದೇಶಗಳ ನಡುವಿನ ಸಾರ್ವಭೌಮತ್ವದ ಜಗಳವನ್ನು ನ್ಯಾಯಾಲಯ ವಿಚಾರಿಸಬೇಕಾದರೆ ಇಬ್ಬರೂ ಒಪ್ಪಬೇಕು. ಒಪ್ಪಿಗೆ ಸಿಗದ ಜಗಳವನ್ನು ಮಹಾಸಭೆಯ ಮೂಲಕ ಸಲಹಾ ಪ್ರಶ್ನೆಯ ವೇಷದಲ್ಲಿ ತರುವುದು ಆ ನಿಯಮವನ್ನೇ ಬುಡಮೇಲು ಮಾಡುತ್ತದೆ ಎಂಬುದು ಅವರ ಮುಖ್ಯ ಆಕ್ಷೇಪ. ಇದು ಸುಮ್ಮನೆ ತಳ್ಳಿಹಾಕುವ ಆಕ್ಷೇಪವಲ್ಲ. ಇದೇ ಸೇವೆಯಲ್ಲಿ ಹುಡುಕಿದರೆ, 1955ರಲ್ಲಿ ಬ್ರಿಟನ್ನೇ ಅಂಟಾರ್ಕ್ಟಿಕ ಪ್ರದೇಶದ ದ್ವೀಪಗಳ ಬಗ್ಗೆ ಅರ್ಜೆಂಟೀನಾದ ವಿರುದ್ಧ ಅರ್ಜಿ ಹಾಕಿದ್ದೂ, ಅರ್ಜೆಂಟೀನಾ ನ್ಯಾಯಾಲಯದ ಅಧಿಕಾರವನ್ನು ಒಪ್ಪದ ಕಾರಣ ಮರುವರ್ಷ ಆ ಪ್ರಕರಣ ಪಟ್ಟಿಯಿಂದ ಹೋದದ್ದೂ ಕಾಣಸಿಗುತ್ತದೆ. ಸ್ವಯಂನಿರ್ಣಯದ ಹಕ್ಕು 1965ರ ಹೊತ್ತಿಗೆ ಕಾನೂನಾಗಿ ಇನ್ನೂ ಗಟ್ಟಿಯಾಗಿರಲಿಲ್ಲ ಎಂಬ ವಾದವೂ ಇತ್ತು. ನ್ಯಾಯಾಲಯ ಇವೆರಡಕ್ಕೂ ಉತ್ತರಿಸಿದೆ. ವಸಾಹತು ವಿಮೋಚನೆ ವಿಶ್ವಸಂಸ್ಥೆಯ ಸ್ವಂತ ಹೊಣೆಯಾದ್ದರಿಂದ ಮಹಾಸಭೆಗೆ ಸಲಹೆ ಕೇಳುವ ಅಧಿಕಾರವಿದೆ ಎಂದಿತು. 1960ರ ಡಿಸೆಂಬರ್ 14ರಂದು 89 ಮತಗಳಿಂದ, ಒಂದೂ ವಿರೋಧ ಮತವಿಲ್ಲದೆ ಅಂಗೀಕಾರವಾದ, ವಸಾಹತುಗಳಿಗೆ ಸ್ವಾತಂತ್ರ್ಯ ಕೊಡುವುದನ್ನು ಕುರಿತ ಮಹಾಸಭೆಯ 1514ನೇ ನಿರ್ಣಯವು ಆಗಲೇ ರೂಢಿಗತ ಕಾನೂನನ್ನು, ಅಂದರೆ ದೇಶಗಳ ನಡವಳಿಕೆಯಿಂದ ಬೆಳೆದುಬಂದ ಕಾನೂನನ್ನು, ಘೋಷಿಸುವ ಸ್ವರೂಪದ್ದಾಗಿತ್ತು ಎಂದೂ ಹೇಳಿತು. ನನಗೆ ಎರಡನೆಯ ಉತ್ತರ ಪೂರ್ತಿ ಒಪ್ಪಿಗೆಯಾಯಿತು. ಮೊದಲನೆಯದರಲ್ಲಿ ನ್ಯಾಯಾಲಯ ಇನ್ನೂ ಒಂದಿಷ್ಟು ವಿಸ್ತಾರವಾಗಿ ಮಾತಾಡಬಹುದಿತ್ತೆಂದು ತೋರುತ್ತದೆ. ಆ ಕೊರತೆಯನ್ನು ಅಮೆರಿಕದ ನ್ಯಾಯಾಧೀಶೆ ಜೋನ್ ಡೊನಹ್ಯೂ ಅವರ ಭಿನ್ನ ಅಭಿಪ್ರಾಯ ಎತ್ತಿ ತೋರಿಸುತ್ತದೆ. ಅದನ್ನೂ ಬಿಡದೆ ಓದಬೇಕು.

ಮತಗಳ ಲೆಕ್ಕವನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದಕ್ಕೂ ಮೂಲವೇ ಬೇಕು. ತನಗೆ ಅಧಿಕಾರವಿದೆ ಎಂಬುದನ್ನು ಪೀಠ ಸರ್ವಾನುಮತದಿಂದ ಹೇಳಿತು. ಅಭಿಪ್ರಾಯ ಕೊಡಬೇಕೆಂಬುದನ್ನು 12–2ರಿಂದ, ವಿಮೋಚನೆ ಕಾನೂನುಬದ್ಧವಾಗಿ ಪೂರ್ಣಗೊಂಡಿರಲಿಲ್ಲ, ಬ್ರಿಟನ್ ಆದಷ್ಟು ಬೇಗ ತನ್ನ ಆಡಳಿತವನ್ನು ಕೊನೆಗೊಳಿಸಬೇಕು, ಸದಸ್ಯ ರಾಷ್ಟ್ರಗಳೆಲ್ಲ ಇದಕ್ಕೆ ಸಹಕರಿಸಬೇಕು ಎಂಬ ಮೂರು ಮಾತುಗಳನ್ನು 13–1ರಿಂದ ಹೇಳಿತು. ಆ 13ರಲ್ಲಿ ನಮ್ಮ ನ್ಯಾಯಮೂರ್ತಿ ದಲವೀರ್ ಭಂಡಾರಿ ಒಬ್ಬರು. 2017ರ ನವೆಂಬರ್‌ನಲ್ಲಿ ಅವರ ಮರು ಆಯ್ಕೆಗೆ ಎದುರಾಗಿದ್ದವರು ಬ್ರಿಟನ್ನಿನ ಕ್ರಿಸ್ಟೋಫರ್ ಗ್ರೀನ್‌ವುಡ್. ಬ್ರಿಟನ್ ಅವರ ಹೆಸರನ್ನು ಹಿಂತೆಗೆದುಕೊಂಡ ಮೇಲೆ, ನ್ಯಾಯಾಲಯ ಸ್ಥಾಪನೆಯಾದಂದಿನಿಂದ ಮೊದಲ ಬಾರಿಗೆ ಬ್ರಿಟಿಷ್ ನ್ಯಾಯಾಧೀಶರಿಲ್ಲದ ಪೀಠ ರೂಪುಗೊಂಡಿತು. ಚಾಗೋಸ್ ಪ್ರಶ್ನೆ ವಿಚಾರಣೆಗೆ ಬಂದದ್ದು ಆ ಪೀಠದ ಮುಂದೆ. ಪ್ರಸಂಗವಶಾತ್ ಒಂದು ಮಾತು: ಮಂಗಳೂರಿನಲ್ಲಿ ಹುಟ್ಟಿ, ನಮ್ಮ ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿ ದುಡಿದ ಬೆನಗಲ್ ನರಸಿಂಗ ರಾವ್ ಅವರು 1952ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ಇದೇ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಕನ್ನಡ ನಾಡಿನ ಓದುಗರಿಗೆ ಈ ಸಂಸ್ಥೆ ಸಂಪೂರ್ಣ ಪರಕೀಯವಾಗಿರಬೇಕಾಗಿಲ್ಲ.

ಭಾರತ ಸರ್ಕಾರ ಸಲ್ಲಿಸಿದ ಹೇಳಿಕೆಯೂ ಕಡತದಲ್ಲಿದೆ. ಅದು ಚಿಕ್ಕದು, ನಿಲುವು ನೇರ: ಚಾಗೋಸ್ ಮಾರಿಷಸ್‌ನ ಭಾಗ, ವಿಮೋಚನೆಯ ಕೆಲಸ ಬಾಕಿಯಿದೆ. ಓದಿ ಮುಗಿಸಲು ಹೆಚ್ಚು ಹೊತ್ತು ಬೇಡ.

ಈ ಸೇವೆಯಲ್ಲಿ ಯಾರೂ ತಪ್ಪಿಸಿಕೊಳ್ಳಬಾರದ ಭಾಗ ಯಾವುದೆಂದರೆ 2018ರ ಸೆಪ್ಟೆಂಬರ್ 3ರಿಂದ 6ರವರೆಗೆ ನಡೆದ ಮೌಖಿಕ ವಿಚಾರಣೆಯ ದಾಖಲೆ. 22 ದೇಶಗಳೂ ಆಫ್ರಿಕನ್ ಒಕ್ಕೂಟವೂ ಅಲ್ಲಿ ಮಾತಾಡಿದವು. ಮಾರಿಷಸ್ ಪರವಾಗಿ ಮೊದಲು ಎದ್ದು ನಿಂತವರು ಅನಿರುದ್ಧ ಜಗನ್ನಾಥ. 1965ರ ಲಂಡನ್ ಮಾತುಕತೆಯಲ್ಲಿ ಸ್ವತಃ ಭಾಗವಹಿಸಿದ್ದವರಲ್ಲಿ ಅಂದಿಗೆ ಬದುಕುಳಿದಿದ್ದವರು ಅವರೊಬ್ಬರೇ. ಅರ್ಧ ಶತಮಾನದ ಹಿಂದಿನ ಆ ಮಾತುಕತೆಯ ಬಗ್ಗೆ ಅದರಲ್ಲಿ ಪಾಲ್ಗೊಂಡವರೇ ನ್ಯಾಯಪೀಠದೆದುರು ಹೇಳುವುದನ್ನು ಓದುವ ಅವಕಾಶ ಅಪರೂಪದ್ದು. ಅದೇ ದಿನ ಪೆರೋಸ್ ಬಾನ್ಯೋಸ್ ಎಂಬ ಹವಳ ದ್ವೀಪಗಳಲ್ಲಿ ಹುಟ್ಟಿ ಬೆಳೆದ ಲಿಸ್ಬಿ ಎಲಿಸೆ ಎಂಬ ಮಹಿಳೆ ತಮ್ಮ ಕ್ರಿಯೋಲ್ ಭಾಷೆಯಲ್ಲಿ ಹೇಳಿದ ಮಾತುಗಳ ಧ್ವನಿ-ದೃಶ್ಯ ಮುದ್ರಿಕೆಯನ್ನು ನ್ಯಾಯಾಲಯದಲ್ಲಿ ತೋರಿಸಲಾಯಿತು. ಅದರ ಪಾಠ ದಾಖಲೆಯಲ್ಲಿದೆ, ವಿಚಾರಣೆಯ ವಿಡಿಯೊ ವಿಶ್ವಸಂಸ್ಥೆಯ ಜಾಲ ದೂರದರ್ಶನದಲ್ಲೂ ಸಿಗುತ್ತದೆ.

ಆಕೆ ಹೇಳುವುದು ಬಹಳ ಸರಳವಾದ ಸಂಗತಿಗಳನ್ನು. ದ್ವೀಪದಲ್ಲಿ ಎಲ್ಲರಿಗೂ ಕೆಲಸವಿತ್ತು, ತಾಜಾ ಊಟವಿತ್ತು, ಮಾರಿಷಸ್‌ನಿಂದ ಬರುವ ಹಡಗು ದಿನಸಿ ತರುತ್ತಿತ್ತು. ಒಂದು ದಿನ ಆಡಳಿತಾಧಿಕಾರಿ ಬಂದು ಎಲ್ಲರೂ ಮನೆ ಬಿಟ್ಟು ಹೊರಡಬೇಕೆಂದರು. ಕಾರಣ ಹೇಳಲಿಲ್ಲ. ಆಮೇಲೆ ದಿನಸಿ ತರುವ ಹಡಗುಗಳು ನಿಂತವು; ತಿನ್ನಲು ಇಲ್ಲ, ಔಷಧಿ ಇಲ್ಲ. ಕೊನೆಗೆ ನಾರ್ಡ್‌ವೇರ್ ಎಂಬ ಹಡಗು ಬಂತು. ಕೆಲವು ಬಟ್ಟೆಗಳನ್ನು ಬಿಟ್ಟರೆ ಬೇರೇನನ್ನೂ ತೆಗೆದುಕೊಳ್ಳುವಂತಿರಲಿಲ್ಲ. ಕತ್ತಲಲ್ಲಿ ಹತ್ತಿಸಿದರು, ಜನ ತಮ್ಮ ದ್ವೀಪವನ್ನು ನೋಡಬಾರದೆಂದು. ಆಗ ಆಕೆ ನಾಲ್ಕು ತಿಂಗಳ ಗರ್ಭಿಣಿ. ಪಶುಗಳಂತೆ, ಗುಲಾಮರಂತೆ ಹಡಗಿನಲ್ಲಿದ್ದೆವು ಎನ್ನುತ್ತಾರೆ. ಮಾರಿಷಸ್ ತಲುಪಿದ ಮೇಲೆ ಹುಟ್ಟಿದ ಮಗು ಉಳಿಯಲಿಲ್ಲ. ಸಾರ್ವಭೌಮತ್ವ, ಪ್ರಾದೇಶಿಕ ಅಖಂಡತೆ, ರೂಢಿಗತ ಕಾನೂನು ಎಂಬ ಪದಗಳು ತುಂಬಿದ ಸಾವಿರಾರು ಪುಟಗಳ ನಡುವೆ ಈ ಕೆಲವು ಪುಟಗಳನ್ನು ಓದುವಾಗ ಇಡೀ ವಿವಾದ ಯಾರದೆಂಬುದು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಪರವಾಗಿ ಮಾತಾಡಿದ ರಾಬರ್ಟ್ ಬಕ್‌ಲ್ಯಾಂಡ್ ಅವರು, ಚಾಗೋಸ್ ಜನರನ್ನು ಹೊರಹಾಕಿದ ರೀತಿ ಮತ್ತು ಆಮೇಲೆ ಅವರನ್ನು ನಡೆಸಿಕೊಂಡ ರೀತಿ ತಪ್ಪಾಗಿತ್ತೆಂದು ಒಪ್ಪಿ ತಮ್ಮ ಸರ್ಕಾರದ ವಿಷಾದವನ್ನು ಅದೇ ವಿಚಾರಣೆಯಲ್ಲಿ ದಾಖಲಿಸಿದ್ದಾರೆ. ವಿಷಾದ ವ್ಯಕ್ತಪಡಿಸಿದ ಬಾಯಿಂದಲೇ ಅಭಿಪ್ರಾಯ ಕೊಡಬೇಡಿರೆಂಬ ಮನವಿಯೂ ಬಂತು. ಎರಡನ್ನೂ ಒಂದೇ ದಾಖಲೆಯಲ್ಲಿ ಓದಲು ಸಾಧ್ಯವಾಗುವುದೇ ಇಂಥ ಸೇವೆಯಿಂದ ಆಗುವ ಲಾಭ.

ಇನ್ನು ಮಿತಿಗಳು. ಮೊದಲನೆಯದು ಭಾಷೆ. ನ್ಯಾಯಾಲಯದ ಅಧಿಕೃತ ಭಾಷೆಗಳು ಎರಡೇ. ವಿಚಾರಣೆಯ ದಾಖಲೆಯಲ್ಲಿ ವಕೀಲರು ಯಾವ ಭಾಷೆಯಲ್ಲಿ ಮಾತಾಡಿದರೋ ಅದೇ ಭಾಷೆ ಇರುತ್ತದೆ, ಆದ್ದರಿಂದ ಇಂಗ್ಲಿಷ್ ಮಾತ್ರ ಬಲ್ಲವರಿಗೆ ನಡುನಡುವೆ ಫ್ರೆಂಚ್ ಪುಟಗಳು ಅಡ್ಡ ಬರುತ್ತವೆ. ನ್ಯಾಯಾಲಯ ಪ್ರತ್ಯೇಕವಾಗಿ ಪ್ರಕಟಿಸುವ ಭಾಷಾಂತರದ ಕಡತವನ್ನು ಜತೆಗಿಟ್ಟುಕೊಂಡು ಓದುವುದೊಂದೇ ಇದಕ್ಕೆ ದಾರಿ. ಎರಡನೆಯದು, ಅನುಬಂಧಗಳು ದೊಡ್ಡ ಸಂಪುಟಗಳಾಗಿರುವುದರಿಂದ ಮೊಬೈಲ್ ಪರದೆಯಲ್ಲಿ ಓದುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಕಂಪ್ಯೂಟರ್‌ಗೆ ಇಳಿಸಿಕೊಂಡು, ಲಿಖಿತ ಹೇಳಿಕೆಯ ಅಡಿಟಿಪ್ಪಣಿಯಲ್ಲಿರುವ ಅನುಬಂಧದ ಸಂಖ್ಯೆಯನ್ನು ಹಿಡಿದು ಹುಡುಕಬೇಕು.

ಮೂರನೆಯ ಮಿತಿ ಇವೆರಡಕ್ಕಿಂತ ಗಂಭೀರವಾದದ್ದು, ಅದು ಸೇವೆಯದ್ದಷ್ಟೇ ಅಲ್ಲ. ಆ ನ್ಯಾಯಾಲಯದಲ್ಲಿ ದೇಶಗಳಿಗೆ, ಅಂತರರಾಷ್ಟ್ರೀಯ ಸಂಘಟನೆಗಳಿಗೆ ಬಾಯಿ ಇದೆ. ಒಕ್ಕಲೆಬ್ಬಿಸಿಕೊಂಡ ಜನಸಮುದಾಯಕ್ಕೆ ತನ್ನದೇ ಸ್ಥಾನವಿಲ್ಲ. ಲಿಸ್ಬಿ ಎಲಿಸೆ ಅವರ ಮಾತು ದಾಖಲೆಯೊಳಗೆ ಬಂದದ್ದು ಮಾರಿಷಸ್‌ನ ವಾದದ ಭಾಗವಾಗಿ. ಸಲಹಾ ಅಭಿಪ್ರಾಯದಲ್ಲಿ ಚಾಗೋಸ್ ಜನರ ಸ್ಥಿತಿಗತಿಗೆ ಒಂದು ಭಾಗವನ್ನೇ ಮೀಸಲಿಟ್ಟಿದ್ದರೂ, ಅವರ ಮರುವಸತಿಯ ಪ್ರಶ್ನೆಗೆ ಉತ್ತರ ಕೊಡಬೇಕಾದಲ್ಲಿ 181ನೇ ಪರಿಚ್ಛೇದ ಅದು ಮಾನವ ಹಕ್ಕುಗಳ ರಕ್ಷಣೆಗೆ ಸಂಬಂಧಿಸಿದ್ದು, ಮಹಾಸಭೆ ಅದನ್ನು ಕೈಗೆತ್ತಿಕೊಳ್ಳಬೇಕು ಎಂದು ಹೇಳಿ ಮುಂದೆ ಸಾಗುತ್ತದೆ. ಇಷ್ಟು ದೊಡ್ಡ ಕಡತದಲ್ಲಿ ಈ ಒಂದು ವಿಷಯಕ್ಕೆ ಇಷ್ಟೇ ಜಾಗ ಸಿಕ್ಕಿತಲ್ಲ ಎಂಬ ಸಂಕಟ ನನಗೆ ಉಳಿದಿದೆ. ಇಂಗ್ಲೆಂಡಿನ ಕ್ರಾಲಿ ಪಟ್ಟಣದಲ್ಲಿ ನೆಲೆಸಿರುವ ಚಾಗೋಸ್ ಮೂಲದವರಲ್ಲಿ ಹಲವರು, ಎರಡು ಸರ್ಕಾರಗಳೂ ತಮ್ಮನ್ನು ಕೇಳದೆ ತಮ್ಮ ದ್ವೀಪದ ಬಗ್ಗೆ ನಿರ್ಧರಿಸುತ್ತಿವೆ ಎಂದು ಹೇಳುತ್ತ ಬಂದಿದ್ದಾರೆ. ಆ ದನಿ ಈ ಕಡತದಲ್ಲಿ ಸಿಗುವುದಿಲ್ಲ. ಅದನ್ನು ಬ್ರಿಟಿಷ್ ನ್ಯಾಯಾಲಯಗಳ ತೀರ್ಪುಗಳಲ್ಲಿ ಹುಡುಕಬೇಕು. ಚಾಗೋಸ್ ಜನರ ಮುಂದಾಳು ಒಲಿವಿಯೆ ಬಾಂಕೂ ಅವರು ದ್ವೀಪಗಳಿಗೆ ಮರಳುವ ಹಕ್ಕಿಗಾಗಿ ಹೋರಾಡಿ 2000ದಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಗೆದ್ದದ್ದು, 2004ರಲ್ಲಿ ಸರ್ಕಾರ ರಾಜಾಜ್ಞೆಯ ಮೂಲಕ ಆ ಗೆಲುವನ್ನು ಅಳಿಸಿದ್ದು, 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ 3–2ರಿಂದ ಸರ್ಕಾರದ ಪರ ನಿಂತದ್ದು ಅಲ್ಲಿ ಸವಿವರವಾಗಿವೆ.

ಹೇಗ್‌ನ ಕಡತ 2019ಕ್ಕೆ ನಿಲ್ಲುತ್ತದೆ ಎಂಬುದನ್ನೂ ಓದುಗರು ನೆನಪಿಡಬೇಕು. ಅದೇ ವರ್ಷದ ಮೇ 22ರಂದು ಮಹಾಸಭೆ 116–6 ಮತಗಳಿಂದ, ಬ್ರಿಟನ್ ಆರು ತಿಂಗಳಲ್ಲಿ ಹಿಂದೆಗೆಯಬೇಕೆಂದು ನಿರ್ಣಯಿಸಿತು. ಗಡುವು ದಾಟಿತು, ಬ್ರಿಟನ್ ಕದಲಲಿಲ್ಲ. 2021ರ ಜನವರಿಯಲ್ಲಿ ಹ್ಯಾಂಬರ್ಗ್‌ನ ಸಮುದ್ರ ಕಾನೂನಿನ ನ್ಯಾಯಮಂಡಳಿಯ ವಿಶೇಷ ಪೀಠ, ಮಾರಿಷಸ್ ಮತ್ತು ಮಾಲ್ಡೀವ್ಸ್ ನಡುವಿನ ಸಾಗರಗಡಿ ವ್ಯಾಜ್ಯದಲ್ಲಿ, ಚಾಗೋಸ್ ಮೇಲಿನ ಮಾರಿಷಸ್ ಸಾರ್ವಭೌಮತ್ವವನ್ನು ಸಲಹಾ ಅಭಿಪ್ರಾಯದಿಂದಲೇ ಗ್ರಹಿಸಬಹುದೆಂದಿತು. ಸಲಹೆಯಷ್ಟೇ, ಕಡ್ಡಾಯವಲ್ಲ ಎಂದು ತಳ್ಳಿಹಾಕಿದವರಿಗೆ ಇದು ಬಲವಾದ ಉತ್ತರ. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಸಾರ್ವಭೌಮತ್ವ ಮಾರಿಷಸ್‌ನದು, ಡಿಯಾಗೊ ಗಾರ್ಸಿಯಾದ ಬಳಕೆ 99 ವರ್ಷ ಬ್ರಿಟನ್ನಿನದು ಎಂಬುದು ಅದರ ತಿರುಳು. ಸಹಿಯಾದ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ, ಎರಡೂ ದೇಶಗಳು ತಂತಮ್ಮ ಅನುಮೋದನೆಯ ಕ್ರಮಗಳನ್ನು ಮುಗಿಸಬೇಕು. ಬ್ರಿಟಿಷ್ ಸರ್ಕಾರ ಅದರ ಪೂರ್ಣ ಪಾಠವನ್ನು ಪ್ರಕಟಿಸಿದೆ.

ಕಾನೂನು ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ, ಕನ್ನಡದಲ್ಲಿ ವಿದೇಶ ವಿದ್ಯಮಾನಗಳನ್ನು ಬರೆಯುವವರಿಗೆ ಈ ಸೇವೆಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಓದುವ ಕ್ರಮ ಹೀಗಿದ್ದರೆ ಅನುಕೂಲ: ಮೊದಲು ಸೆಪ್ಟೆಂಬರ್ 3ರ ವಿಚಾರಣೆಯ ದಾಖಲೆ, ಅನಂತರ ಬ್ರಿಟನ್ನಿನ ಲಿಖಿತ ಹೇಳಿಕೆ, ಆಮೇಲೆ ಸಲಹಾ ಅಭಿಪ್ರಾಯ, ಕಡೆಯಲ್ಲಿ ಡೊನಹ್ಯೂ ಅವರ ಭಿನ್ನ ಅಭಿಪ್ರಾಯ. ಇಷ್ಟನ್ನು ಓದಿಕೊಂಡು 2025ರ ಒಪ್ಪಂದವನ್ನು ಕೈಗೆತ್ತಿಕೊಂಡವರು ಅದರಲ್ಲಿ ಮರುವಸತಿಯ ಬಗೆಗಿನ ವಿಧಿಯನ್ನು ಮೊದಲು ಹುಡುಕಲಿ. ಡಿಯಾಗೊ ಗಾರ್ಸಿಯಾವನ್ನು ಬಿಟ್ಟು ಉಳಿದ ದ್ವೀಪಗಳಲ್ಲಿ ಮಾತ್ರ ಮಾರಿಷಸ್ ಮರುವಸತಿ ಕಾರ್ಯಕ್ರಮ ನಡೆಸಬಹುದೆಂದು ಅಲ್ಲಿ ಬರೆದಿದೆ.